ಶಾಶ್ವತ ಎಂದು ಕೊಟ್ಟ ಯಾಜಕತ್ವ ಏಲಿಯ ಮನೆಯಿಂದ ಕೈತಪ್ಪಿದ್ದು ಹೇಗೆ?

ಬೈಬಲ್ ಓದುವವರ ನಡುವೆ ಒಂದು ಹಳೇ ಜಗಳ ಇದೆ. ಅರಣ್ಯಕಾಂಡ 25ರಲ್ಲಿ ದೇವರು ಫೀನೆಹಾಸ ಎಂಬ ಯಾಜಕನಿಗೆ ಮಾತು ಕೊಡುತ್ತಾನೆ: ನಿನಗೂ ನಿನ್ನ ಸಂತತಿಗೂ ಯಾಜಕತ್ವ ಶಾಶ್ವತವಾಗಿರುತ್ತದೆ. ಸಮುವೇಲನ ಮೊದಲನೇ ಪುಸ್ತಕದ 2ನೇ ಅಧ್ಯಾಯಕ್ಕೆ ಬಂದರೆ ಅದೇ ದೇವರು ಏಲಿ ಎಂಬ ಯಾಜಕನಿಗೆ ಹೇಳಿ ಕಳಿಸುತ್ತಾನೆ: ನಿನ್ನ ಮನೆಯವರು ಸದಾಕಾಲ ನನ್ನ ಮುಂದೆ ಸೇವೆ ಮಾಡುತ್ತಾರೆ ಅಂತ ಹೇಳಿದ್ದೆ ನಿಜ, ಆದರೆ ಇನ್ನು ಅದು ಆಗದು, ನನ್ನನ್ನು ಗೌರವಿಸುವವರನ್ನು ನಾನು ಗೌರವಿಸುತ್ತೇನೆ.

ಸದಾಕಾಲ ಅಂದಮೇಲೆ ಮುಗಿಯಿತಲ್ವಾ? ಮಧ್ಯದಲ್ಲಿ 'ಆದರೆ' ಎಲ್ಲಿಂದ ಬಂತು?

ಒಂದು ಕಡೆಯವರು ಹೇಳುವುದು, ದೇವರ ಮಾತಿಗೆ ಷರತ್ತಿಲ್ಲ, ಮನುಷ್ಯ ಕೆಟ್ಟರೂ ಒಡಂಬಡಿಕೆ ಕೆಡುವುದಿಲ್ಲ. ಇನ್ನೊಂದು ಕಡೆಯವರು ಹೇಳುವುದು, ಷರತ್ತು ಬರೆದಿಲ್ಲದಿದ್ದರೂ ಇದ್ದೇ ಇರುತ್ತದೆ, ನೀತಿ ತಪ್ಪಿದರೆ ಹುದ್ದೆ ಹೋಯಿತು. ಎರಡೂ ಕಡೆಯವರ ಹತ್ತಿರ ವಚನಗಳು ಬೇಕಾದಷ್ಟಿವೆ. ಅದಕ್ಕೇ ಈ ಜಗಳ ಮುಗಿಯುವುದೇ ಇಲ್ಲ. ನನ್ನ ಲೆಕ್ಕದಲ್ಲಿ ವಚನಗಳನ್ನು ಎದುರುಬದುರು ಇಟ್ಟು ಎಣಿಸುವುದರಿಂದ ಏನೂ ಸಿಗುವುದಿಲ್ಲ. ಬೈಬಲ್ಲಿನಲ್ಲಿ ಯಾಜಕರು ತಪ್ಪು ಮಾಡಿದಾಗಲೆಲ್ಲ ಅವರಿಂದ ಏನನ್ನು ಕಿತ್ತುಕೊಂಡರು, ಏನನ್ನು ಮುಟ್ಟದೆ ಬಿಟ್ಟರು ಅಂತ ನೋಡಿದರೆ ವಿಷಯ ಜಾಸ್ತಿ ತಿಳಿಯಾಗುತ್ತದೆ.

ಮೊದಲು ಮನೆತನದ ಲೆಕ್ಕ. ಇಸ್ರಾಯೇಲರ ಕುಲಗಳಲ್ಲಿ ಲೇವಿಯದು ಒಂದು. ದೇವಾಲಯ ಕಟ್ಟುವ ಮೊದಲು ದೇವರ ಪೂಜೆ ನಡೆಯುತ್ತಿದ್ದ ಗುಡಾರದ ಕೆಲಸವೆಲ್ಲ ಲೇವಿಯರದ್ದು. ಅವರಲ್ಲೂ ಮೋಶೆಯ ಅಣ್ಣ ಆರೋನನ ಗಂಡುಸಂತತಿಯವರು ಮಾತ್ರ ಯಾಜಕರು. ಆರೋನನಿಗೆ ನಾಲ್ಕು ಗಂಡುಮಕ್ಕಳು: ನಾದಾಬ, ಅಬೀಹೂ, ಎಲ್ಲಾಜಾರ, ಈತಾಮಾರ. ದೊಡ್ಡವರಿಬ್ಬರು ದೇವರು ಹೇಳದ ಬೆಂಕಿಯನ್ನು ಧೂಪಾರತಿಯಲ್ಲಿ ತಂದು ಅಲ್ಲೇ ಸತ್ತರು. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಮುಂದಿನ ಯಾಜಕರೆಲ್ಲ ಎಲ್ಲಾಜಾರನ ಕವಲು ಅಥವಾ ಈತಾಮಾರನ ಕವಲು. ಈ ಎರಡು ಕವಲುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಾಶ್ವತ ಎಂಬ ಮಾತು ಫೀನೆಹಾಸನಿಗಿಂತ ಮೊದಲೇ ಬಂದಿದೆ. ವಿಮೋಚನಕಾಂಡ 29 ಮತ್ತು 40ರಲ್ಲಿ ಆರೋನನ ಮಕ್ಕಳ ಅಭಿಷೇಕದ ವಿಷಯದಲ್ಲಿ ಅದೇ ಮಾತಿದೆ. ಅರಣ್ಯಕಾಂಡ 18ರಲ್ಲಿ ಇನ್ನೊಂದು ಇದೆ, ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಅಲ್ಲಿ ದೇವರು 'ಎಂದೆಂದಿಗೂ ಇರುವ ಉಪ್ಪಿನ ಒಡಂಬಡಿಕೆ' ಅನ್ನುತ್ತಾನೆ. ಯಾವುದರ ಬಗ್ಗೆ ಗೊತ್ತಾ? ಊಟದ ಬಗ್ಗೆ. ಜನ ತರುವ ಕಾಣಿಕೆಗಳಲ್ಲಿ, ಬಲಿಯ ಮಾಂಸದಲ್ಲಿ, ಮೊದಲ ಫಲದಲ್ಲಿ ಯಾಜಕನ ಮನೆಗೆ ಪಾಲು. ಮರುವಚನದಲ್ಲೇ ಕಾರಣವೂ ಇದೆ: ನಿನಗೆ ಜಮೀನಿನಲ್ಲಿ ಪಾಲಿಲ್ಲ. ಬೇರೆ ಕುಲದವರಿಗೆ ಹೊಲ, ದ್ರಾಕ್ಷಿತೋಟ. ಯಾಜಕನಿಗೆ ದೇವರ ಮನೆಯ ಪಾಲೇ ಹೊಟ್ಟೆಪಾಡು.

ಈಗ ಫೀನೆಹಾಸ. ಇವನು ಎಲ್ಲಾಜಾರನ ಮಗ, ಆರೋನನ ಮೊಮ್ಮಗ. ಇಸ್ರಾಯೇಲರು ಶಿಟ್ಟೀಮಿನಲ್ಲಿ ಇಳಿದುಕೊಂಡಿದ್ದಾಗ ಮೋವಾಬಿನ ಹೆಂಗಸರ ಸಹವಾಸದಿಂದ ಪೆಗೋರದ ಬಾಳನೆಂಬ ಅನ್ಯದೇವರ ಪೂಜೆಗೆ ಹೊರಳಿದರು. ಜನ ವ್ಯಾಧಿಯಿಂದ ಸಾಯತೊಡಗಿದರು, ಮಿಕ್ಕವರು ಗುಡಾರದ ಬಾಗಿಲಲ್ಲಿ ಅಳುತ್ತಾ ನಿಂತಿದ್ದರು. ಅಷ್ಟರಲ್ಲಿ ಸಿಮೆಯೋನ ಕುಲದ ಮುಖಂಡ ಜಿಮ್ರಿ ಎಲ್ಲರ ಕಣ್ಣೆದುರೇ ಕೊಜ್ಬಿ ಎಂಬ ಮಿದ್ಯಾನಿನ ಹೆಣ್ಣನ್ನು ಕರೆದುಕೊಂಡು ಬಂದ. ಫೀನೆಹಾಸ ಈಟಿ ಹಿಡಿದು ಹಿಂದೆಯೇ ಹೋಗಿ ಇಬ್ಬರನ್ನೂ ಒಂದೇ ಏಟಿಗೆ ತಿವಿದ. ವ್ಯಾಧಿ ನಿಂತಿತು. ಅಷ್ಟರಲ್ಲಿ ಸತ್ತವರು 24,000 ಎನ್ನುತ್ತದೆ ಪಠ್ಯ. ಇಂದಿನ ಓದುಗರಿಗೆ ಇದು ಹಿತವಾದ ಕಥೆ ಅಲ್ಲ, ಯೆಹೂದಿ ಗುರುಗಳಿಗೂ ಇದು ಇರಿಸುಮುರಿಸಿನ ಕಥೆಯೇ ಆಗಿತ್ತು. ಆದರೆ ನಮ್ಮ ಪ್ರಶ್ನೆಗೆ ಬೇಕಾದ್ದು ಮುಂದಿನ ಮಾತು. ಅವನು ತನ್ನ ದೇವರಿಗಾಗಿ ಆಸಕ್ತನಾಗಿ ನಡೆದುಕೊಂಡದ್ದರಿಂದ ಅವನಿಗೂ ಅವನ ಸಂತತಿಗೂ ಶಾಶ್ವತ ಯಾಜಕತ್ವ.

'ನಡೆದುಕೊಂಡದ್ದರಿಂದ'. ಅಂದರೆ ಮಾತು ಬಂದದ್ದೇ ನಡತೆಗೆ ಬಹುಮಾನವಾಗಿ. 'ಹೀಗೇ ನಡೆಯುತ್ತಿದ್ದರೆ' ಅಂತ ಮುಂದಿನ ಷರತ್ತು ಮಾತ್ರ ಎಲ್ಲೂ ಇಲ್ಲ. ದೇವಾಲಯ ಕಟ್ಟುವಾಗ ಸೊಲೊಮೋನನಿಗೆ 'ನನ್ನ ವಿಧಿಗಳನ್ನು ಅನುಸರಿಸಿ ನಡೆದರೆ' ಅಂತ ಬಾಯಿಬಿಟ್ಟು ಹೇಳಿದ ಹಾಗೆ ಇಲ್ಲಿ ಹೇಳಿಲ್ಲ. ಷರತ್ತಿಲ್ಲ ಅನ್ನುವವರ ಗಟ್ಟಿ ನೆಲ ಇದು. ಕೀರ್ತನೆ 106 ಕೂಡ ಅವರ ಕಡೆಗೇ ವಾಲುತ್ತದೆ: ಫೀನೆಹಾಸನ ಆ ಕೆಲಸ ತಲತಲಾಂತರಕ್ಕೂ ನೀತಿಯಾಗಿ ಎಣಿಕೆಯಾಯಿತು ಅನ್ನುತ್ತದೆ.

ಇಲ್ಲಿ ಒಂದು ಸಣ್ಣ ತೊಡಕಿದೆ. ಫೀನೆಹಾಸ ಹುಟ್ಟಿನಿಂದಲೇ ಆರೋನನ ಮೊಮ್ಮಗ. ಆಗಲೇ ಯಾಜಕನಾಗಿದ್ದವನಿಗೆ ಮತ್ತೆ ಯಾಜಕತ್ವ ಕೊಟ್ಟದ್ದು ಏನು? ಯೆಹೂದಿಗಳ ಧರ್ಮಚರ್ಚೆಯ ಗ್ರಂಥವಾದ ತಾಲ್ಮುದಿನ ಗುರುಗಳಲ್ಲಿ ಒಬ್ಬರು ಇದಕ್ಕೆ ಚುರುಕಾದ ಉತ್ತರ ಕೊಟ್ಟಿದ್ದಾರೆ. ಜಿಮ್ರಿಯನ್ನು ಕೊಲ್ಲುವ ತನಕ ಅವನು ಯಾಜಕನೇ ಆಗಿರಲಿಲ್ಲ! ಆರೋನ ಮತ್ತವನ ಮಕ್ಕಳಿಗೆ ಅಭಿಷೇಕವಾದಾಗ ಆಗಲೇ ಹುಟ್ಟಿದ್ದ ಮೊಮ್ಮಕ್ಕಳು ಅದರಲ್ಲಿ ಸೇರಲಿಲ್ಲ ಅಂತ ಅವರ ವಾದ. ಬೇರೆ ಬಹಳ ಮಂದಿ ಇದನ್ನು ಮಹಾಯಾಜಕ ಪದವಿಯ ಮಾತು ಅಂತ ಓದುತ್ತಾರೆ. ಹಾಗೆ ಓದಿದರೆ ಎಲ್ಲಾಜಾರನ ಕವಲಿಗೆ ಮಹಾಯಾಜಕತ್ವ, ಈತಾಮಾರನ ಕವಲಿಗೆ ಸಾಮಾನ್ಯ ಯಾಜಕತ್ವ.

ಹಾಗಾದರೆ ಏಲಿ ಆಗ ಗುಡಾರವಿದ್ದ ಶೀಲೋ ಎಂಬ ಊರಿನಲ್ಲಿ ಯಜಮಾನನಾಗಿ ಕೂತದ್ದು ಹೇಗೆ? ಅವನು ಈತಾಮಾರನ ಕಡೆಯವನು. ಇದನ್ನು ಸಮುವೇಲನ ಪುಸ್ತಕ ನೇರವಾಗಿ ಹೇಳುವುದಿಲ್ಲ, ಅವನ ವಂಶದ ಅಹೀಮೆಲೆಕನನ್ನು ಪೂರ್ವಕಾಲವೃತ್ತಾಂತ ಈತಾಮಾರನ ಲೆಕ್ಕಕ್ಕೆ ಸೇರಿಸುವುದರಿಂದ ತಿಳಿಯುತ್ತದೆ. ಅಧಿಕಾರ ಒಂದು ಕವಲಿನಿಂದ ಇನ್ನೊಂದಕ್ಕೆ ಯಾವಾಗ ಹೋಯಿತು, ಯಾಕೆ ಹೋಯಿತು, ಬೈಬಲ್ ತುಟಿ ಬಿಚ್ಚುವುದಿಲ್ಲ. ಮೋಶೆಯ ಪುಸ್ತಕಗಳನ್ನು ಒಪ್ಪಿಯೂ ಯೆಹೂದಿಗಳಿಂದ ಬೇರೆಯಾಗಿರುವ ಸಮಾರ್ಯದವರು ಬಿಚ್ಚುತ್ತಾರೆ. ಅವರ ಪ್ರಕಾರ ಏಲಿ ಅಧಿಕಾರದ ಆಸೆಗೆ ತಮ್ಮ ಪವಿತ್ರ ಸ್ಥಳವಾದ ಗೆರಿಜೀಮ್ ಬೆಟ್ಟ ಬಿಟ್ಟು ಹೋಗಿ ಶೀಲೋವಿನಲ್ಲಿ ತನ್ನದೇ ಗುಡಿ ಹೂಡಿದ, ನಿಜವಾದ ಮಹಾಯಾಜಕರು ಫೀನೆಹಾಸನ ವಂಶದ ನಾವೇ ಅಂತ. ತಮಾಷೆ ಅಂದರೆ, ಆ ವಂಶ ಅವರಲ್ಲಿ 1624ರಲ್ಲಿ ಗಂಡುಮಕ್ಕಳಿಲ್ಲದೆ ನಿಂತುಹೋಯಿತು, ಅಲ್ಲಿಂದ ಮುಂದೆ ಪದವಿ ಈತಾಮಾರನ ಕವಲಿಗೇ ಹೋಗಿದೆ.

ಏಲಿಯ ಮಕ್ಕಳು ಮಾಡಿದ್ದೇನು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಶಿಕ್ಷೆಯ ಅರ್ಥ ಅದರಲ್ಲೇ ಇದೆ. ಹೊಫ್ನಿ, ಫೀನೆಹಾಸ ಅಂತ ಇಬ್ಬರು (ಈ ಫೀನೆಹಾಸ ಬೇರೆಯವನು, ಹೆಸರು ಮಾತ್ರ ಒಂದೇ). ಯಾರಾದರೂ ಬಲಿ ತಂದು ಮಾಂಸ ಬೇಯಿಸುತ್ತಿದ್ದರೆ ಯಾಜಕನ ಆಳು ಮೂರು ಮುಳ್ಳಿನ ಸಲಾಕೆ ಹಿಡಿದು ಬರುತ್ತಿದ್ದ. ಹಂಡೆಯೋ ಗಡಿಗೆಯೋ, ಯಾವುದರಲ್ಲಿ ಬೇಯುತ್ತಿದ್ದರೂ ಸಲಾಕೆ ಚುಚ್ಚಿ ಎತ್ತುವುದು, ಮೇಲೆ ಬಂದದ್ದೆಲ್ಲ ಯಾಜಕನಿಗೆ. ಅಷ್ಟಕ್ಕೇ ನಿಲ್ಲಲಿಲ್ಲ. ಕೊಬ್ಬನ್ನು ಮೊದಲು ದೇವರಿಗೆ ಹೋಮ ಮಾಡಬೇಕು, ಆಮೇಲೆ ಪಾಲು. ಇವರ ಆಳು ಅದಕ್ಕೂ ಮೊದಲೇ ಬಂದು, ಯಾಜಕನಿಗೆ ಬೆಂದದ್ದು ಬೇಡ, ಸುಡುವುದಕ್ಕೆ ಹಸಿ ಮಾಂಸ ಕೊಡು ಅನ್ನುತ್ತಿದ್ದ. ಪಾಪ ಬಲಿ ತಂದವನೇ ಧರ್ಮ ನೆನಪಿಸುತ್ತಾನೆ: ಕೊಬ್ಬು ಮೊದಲು ಹೋಮವಾಗಲಿ, ಆಮೇಲೆ ಬೇಕಾದಷ್ಟು ತಗೋ. ಉತ್ತರ: ಈಗಲೇ ಕೊಡು, ಇಲ್ಲದಿದ್ದರೆ ಕಿತ್ತುಕೊಳ್ಳುತ್ತೇನೆ. ಅಂದರೆ ಊಟದ ಹಕ್ಕನ್ನೇ ಹಿಡಿದುಕೊಂಡು ದೇವರ ಪಾಲಿಗೆ ಕೈಹಾಕಿದರು. ಗುಡಾರದ ಬಾಗಿಲಲ್ಲಿ ಸೇವೆ ಮಾಡುವ ಹೆಂಗಸರ ಜೊತೆ ಮಲಗುತ್ತಿದ್ದರು ಅನ್ನುವ ಆರೋಪ ಬೇರೆ.

ಏಲಿಗೆ ಬಂದ ತೀರ್ಪು ಘೋರವಾದದ್ದು. ಮಕ್ಕಳಿಬ್ಬರೂ ಒಂದೇ ದಿನ ಸಾಯುತ್ತಾರೆ, ಮನೆಯಲ್ಲಿ ಮುದುಕರೇ ಇರುವುದಿಲ್ಲ, ದೇವರು ನಂಬಿಗಸ್ತನಾದ ಇನ್ನೊಬ್ಬ ಯಾಜಕನನ್ನು ಎಬ್ಬಿಸುತ್ತಾನೆ. ಆ ಹೊಸ ಯಾಜಕನಿಗೆ ಏನು ಮಾತು ಕೊಡುತ್ತಾನೆ? ಅವನ ಮನೆ ಸ್ಥಿರವಾಗಿರುತ್ತದೆ, ಅವನು ಸದಾಕಾಲ ನನ್ನ ಅಭಿಷಿಕ್ತನ ಮುಂದೆ ನಡೆಯುತ್ತಾನೆ ಅಂತ. ಒಂದು 'ಸದಾಕಾಲ'ವನ್ನು ರದ್ದು ಮಾಡಿದ ಉಸಿರಿನಲ್ಲೇ ಇನ್ನೊಂದು 'ಸದಾಕಾಲ'! ಇದನ್ನು ಓದಿಯೂ ವಿಷಯ ಸರಳ ಅನ್ನುವವರನ್ನು ಕಂಡರೆ ನನಗೆ ಆಶ್ಚರ್ಯ.

ತೀರ್ಪು ಜಾರಿಯಾದದ್ದು ಒಂದೇ ದಿನದಲ್ಲಿ ಅಲ್ಲ. ಫಿಲಿಷ್ಟಿಯರ ಯುದ್ಧದಲ್ಲಿ ಮಕ್ಕಳಿಬ್ಬರೂ ಸತ್ತರು, ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷ ಶತ್ರುಗಳ ಪಾಲಾಯಿತು, 98 ವರ್ಷದ ಏಲಿ ಸುದ್ದಿ ಕೇಳಿ ಪೀಠದಿಂದ ಹಿಂದಕ್ಕೆ ಬಿದ್ದು ಕುತ್ತಿಗೆ ಮುರಿದು ಸತ್ತ. ಆಮೇಲೆ ಅರಸ ಸೌಲನ ಕಾಲದಲ್ಲಿ ನೋಬ್ ಊರಿನಲ್ಲಿ ಎದೋಮ್ಯನಾದ ದೋಯೇಗ ಏಲಿಯ ವಂಶದ 85 ಯಾಜಕರನ್ನು ಕಡಿದು ಹಾಕಿದ. ತಪ್ಪಿಸಿಕೊಂಡವನು ಎಬ್ಯಾತಾರ ಒಬ್ಬನೇ. ಅವನು ದಾವೀದನ ಜೊತೆ ಸೇರಿ ಯಾಜಕನಾಗಿಯೇ ಮುಂದುವರಿದ. ಕೊನೆಗೆ ಸಿಂಹಾಸನದ ಗಲಾಟೆಯಲ್ಲಿ ದಾವೀದನ ಇನ್ನೊಬ್ಬ ಮಗ ಅದೋನೀಯನ ಕಡೆ ನಿಂತದ್ದಕ್ಕೆ ಸೊಲೊಮೋನ ಎಬ್ಯಾತಾರನನ್ನು ಕೆಲಸದಿಂದ ತೆಗೆದು ಎಲ್ಲಾಜಾರನ ಕವಲಿನ ಚಾದೋಕನನ್ನು ಆ ಜಾಗಕ್ಕೆ ತಂದ. ಏಲಿಯ ಮನೆಯ ಬಗ್ಗೆ ಶೀಲೋವಿನಲ್ಲಿ ಆಡಿದ ಮಾತು ಹೀಗೆ ನೆರವೇರಿತು ಅನ್ನುತ್ತದೆ ಅರಸುಗಳ ಮೊದಲನೇ ಪುಸ್ತಕ. ಹೊಸ ಅರಸನಿಗೆ ಆ ಹಳೇ ಶಾಪ ಎಷ್ಟು ಅನುಕೂಲಕ್ಕೆ ಬಂತು ಅಂತ ಯಾರಿಗಾದರೂ ಅನ್ನಿಸಿದರೆ ತಪ್ಪೇನಿಲ್ಲ.

ಎಬ್ಯಾತಾರನಿಗೆ ಸೊಲೊಮೋನ ಹೇಳಿದ್ದು ಹೀಗೆ: ಅನಾತೋತಿನಲ್ಲಿರುವ ನಿನ್ನ ಹೊಲಕ್ಕೆ ಹೋಗು, ನೀನು ಸಾಯತಕ್ಕವನು, ಆದರೆ ಇವತ್ತು ಕೊಲ್ಲುವುದಿಲ್ಲ, ನನ್ನ ತಂದೆಯ ಮುಂದೆ ಮಂಜೂಷ ಹೊತ್ತವನು ನೀನು. ಸುಮಾರು ಮುನ್ನೂರು ವರ್ಷ ಕಳೆದ ಮೇಲೆ ಅದೇ ಅನಾತೋತಿನ ಯಾಜಕರ ಮನೆಯಲ್ಲಿ ಹುಟ್ಟಿದವನು ಪ್ರವಾದಿ ಯೆರೆಮೀಯ. ಎಬ್ಯಾತಾರನ ಸಂತತಿಯವನೇ ಇರಬಹುದು ಅಂತ ಬಹಳ ಜನ ಊಹಿಸುತ್ತಾರೆ. ನಮ್ಮ ಜಗಳದ ಎರಡೂ ಕಡೆಯ ದೊಡ್ಡ ವಚನಗಳು ಇರುವುದು ಇವನ ಪುಸ್ತಕದಲ್ಲೇ. 18ನೇ ಅಧ್ಯಾಯದಲ್ಲಿ, ಕುಂಬಾರನ ಮನೆಯಲ್ಲಿ ನಿಂತು ಕೇಳಿಸಿಕೊಂಡ ಮಾತು: ಒಂದು ಜನಾಂಗವನ್ನು ಕಟ್ಟುತ್ತೇನೆ ಅಂತ ನಾನು ಹೇಳಿದ ಮೇಲೆ ಅದು ಕೆಟ್ಟದ್ದು ಮಾಡಿದರೆ, ಮಾಡುತ್ತೇನೆಂದ ಒಳ್ಳೆಯದನ್ನು ಮಾಡದೆ ಮನಸ್ಸು ಬದಲಿಸುತ್ತೇನೆ. ಷರತ್ತಿನ ಪಕ್ಷದವರು ಏಲಿಯ ಕಥೆಯನ್ನು ಈ ಮಾತಿನ ಬೆಳಕಿನಲ್ಲೇ ಓದುವುದು. 33ನೇ ಅಧ್ಯಾಯದಲ್ಲಿ ಪೂರ್ತಿ ಉಲ್ಟಾ: ಹಗಲು ರಾತ್ರಿಗಳ ನಿಯಮವನ್ನು ನೀವು ಮುರಿಯುವುದಾದರೆ ಮಾತ್ರ ದಾವೀದನೊಂದಿಗೂ ಲೇವಿಯ ಯಾಜಕರೊಂದಿಗೂ ನಾನು ಮಾಡಿದ ಒಡಂಬಡಿಕೆ ಮುರಿದೀತು. ಇದಕ್ಕಿಂತ ಖಂಡಿತವಾಗಿ ಹೇಳಲು ಸಾಧ್ಯವೇ? ಆದರೆ ಹಳೇ ಗ್ರೀಕ್ ಅನುವಾದದಲ್ಲಿ ಈ ಭಾಗದ 13 ವಚನಗಳು ಇಲ್ಲವೇ ಇಲ್ಲ. ಆಮೇಲೆ ಸೇರಿಸಿದರೋ, ಗ್ರೀಕಿನಲ್ಲಿ ಬಿಟ್ಟುಹೋಯಿತೋ, ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ. ಯಾಜಕರ ಹಕ್ಕಿನ ಪ್ರಶ್ನೆ ಆ ಕಾಲದಲ್ಲೂ ಬಿಸಿಯಾಗಿಯೇ ಇತ್ತು ಅನ್ನುವುದಕ್ಕೆ ಇದೂ ಒಂದು ಗುರುತು ಅಂತ ನನಗನ್ನಿಸುತ್ತದೆ.

1970ರಲ್ಲಿ ಮೋಶೆ ವೈನ್‌ಫೆಲ್ಡ್ ಎಂಬ ಇಸ್ರೇಲಿ ವಿದ್ವಾಂಸರು ಈ ಗಂಟನ್ನು ಬಿಡಿಸಲು ಒಂದು ದಾರಿ ತೋರಿಸಿದರು. ಹಳೇ ಪಶ್ಚಿಮ ಏಷ್ಯಾದ ರಾಜರು ಎರಡು ಥರದ ಪತ್ರ ಬರೆಸುತ್ತಿದ್ದರು. ಒಂದು, ಸಾಮಂತನ ಮೇಲೆ ಹೊರೆ ಹಾಕುವ ಕರಾರು: ನೀನು ಹೀಗೆ ನಡೆಯದಿದ್ದರೆ ಶಾಪ. ಇನ್ನೊಂದು, ನಿಷ್ಠೆಯಿಂದ ದುಡಿದವನಿಗೆ ಕೊಡುವ ದಾನಪತ್ರ: ಈ ಭೂಮಿ ನಿನಗೂ ನಿನ್ನ ಮಕ್ಕಳಿಗೂ. ಸೀನಾಯಿ ಬೆಟ್ಟದ ಒಡಂಬಡಿಕೆ ಮೊದಲನೆಯ ಥರದ್ದು, ಅಬ್ರಹಾಮ, ದಾವೀದ, ಆರೋನನ ಮನೆಗೆ ಕೊಟ್ಟದ್ದು ಎರಡನೆಯ ಥರದ್ದು ಅಂದರು. ಅವರು ತೋರಿಸಿದ ಉದಾಹರಣೆಗಳಲ್ಲಿ ಒಂದು, ಕ್ರಿ.ಪೂ. 13ನೇ ಶತಮಾನದಲ್ಲಿ ಹಿತ್ತಿಯ ದೊರೆ ಉಲ್ಮಿ-ತೆಶುಬ್ ಎಂಬವನಿಗೆ ಬರೆಸಿಕೊಟ್ಟ ಪತ್ರ. ಅದರ ಸಾರ: ನಿನ್ನ ಮಗನೋ ಮೊಮ್ಮಗನೋ ತಪ್ಪು ಮಾಡಿದರೆ ದೊರೆ ವಿಚಾರಣೆ ಮಾಡಲಿ, ಸಾಯತಕ್ಕ ತಪ್ಪಾದರೆ ಸಾಯಲಿ, ಆದರೆ ಮನೆ ಮತ್ತು ಭೂಮಿಯನ್ನು ಅವನ ವಂಶದಿಂದ ಕಿತ್ತು ಬೇರೆ ವಂಶಕ್ಕೆ ಕೊಡಬಾರದು. ತಪ್ಪು ಮಾಡಿದವನಿಗೆ ಶಿಕ್ಷೆ, ವಂಶಕ್ಕೆ ಆಸ್ತಿ. ಆಮೇಲಿನ ವಿದ್ವಾಂಸರು, ಎಲ್ಲ ದಾನಪತ್ರಗಳೂ ಹೀಗೆ ಷರತ್ತಿಲ್ಲದವಲ್ಲ, ಬಹಳಷ್ಟರಲ್ಲಿ ನಿಷ್ಠೆಯ ಷರತ್ತು ಇದ್ದೇ ಇದೆ ಅಂತ ಆಕ್ಷೇಪ ಎತ್ತಿದರು. ಅದು ಸರಿಯಾದ ಆಕ್ಷೇಪ. ಆದರೂ ವ್ಯಕ್ತಿಯನ್ನೂ ವಂಶವನ್ನೂ ಬೇರೆ ಮಾಡಿ ನೋಡಬೇಕು ಅನ್ನುವ ಪಾಠ ಉಪಯೋಗದ್ದೇ.

ಆದರೆ ಅಷ್ಟೇ ಸಾಲದು. ಏಲಿಯ ಕಥೆಯಲ್ಲಿ ಶಿಕ್ಷೆ ತಗುಲಿದ್ದು ಒಬ್ಬ ವ್ಯಕ್ತಿಗಲ್ಲ, ಇಡೀ ಕವಲಿಗೆ. ಇಲ್ಲಿಗೆ ಬಂದಾಗ ಅದೇ 2ನೇ ಅಧ್ಯಾಯದ ಕೊನೆಯ ವಚನ ನೋಡಿ. ಏಲಿಯ ಮನೆಯಲ್ಲಿ ಉಳಿದವರು ಹೊಸ ಯಾಜಕನ ಮುಂದೆ ಬಂದು ಅಡ್ಡಬಿದ್ದು, ಒಂದು ತುಂಡು ರೊಟ್ಟಿ ತಿನ್ನುವ ಹಾಗೆ ನನ್ನನ್ನು ಯಾವುದಾದರೊಂದು ಯಾಜಕನ ಕೆಲಸಕ್ಕೆ ಸೇರಿಸು ಅನ್ನುತ್ತಾರೆ. ಅವಮಾನದ ಚಿತ್ರ ಇದು, ನಿಜ. ಹೆಚ್ಚಿನ ಪ್ರಸಂಗಿಗಳು ಇದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತಾರೆ. ಆದರೆ ಶಾಪ ತಗುಲಿದ ಮೇಲೂ ಇವನು ಕೇಳುವುದು ಕೂಲಿಯನ್ನಲ್ಲ, ಯಾಜಕನ ಕೆಲಸವನ್ನು. ಹಾಗೆ ಕೇಳುವ ಹಕ್ಕು ಅವನಿಗೆ ಇನ್ನೂ ಇದೆ. ಮೇಲುಸ್ಥಾನ ಹೋಯಿತು, ರೊಟ್ಟಿ ಹೋಗಲಿಲ್ಲ.

ಒಮ್ಮೆ ಇದು ಕಣ್ಣಿಗೆ ಬಿದ್ದರೆ ಬೇರೆ ಕಡೆಗಳಲ್ಲೂ ಕಾಣತೊಡಗುತ್ತದೆ. ಯಾಜಕಕಾಂಡ 21ರಲ್ಲಿ ಅಂಗದೋಷ ಇರುವ ಯಾಜಕ ಯಜ್ಞವೇದಿಯ ಹತ್ತಿರ ಬರಬಾರದು ಅಂತ ಹೇಳಿದ ಕೂಡಲೇ, ದೇವರ ರೊಟ್ಟಿಯನ್ನು, ಮಹಾಪರಿಶುದ್ಧವಾದದ್ದನ್ನೂ ಅವನು ತಿನ್ನಬಹುದು ಅಂತ ಸೇರಿಸಿದೆ. ಅಲ್ಲಿ ಪಾಪದ ಪ್ರಶ್ನೆಯೇ ಇಲ್ಲ, ಆದರೂ ಅದೇ ಗೆರೆ. ಕ್ರಿ.ಪೂ. 622ರ ಸುಮಾರಿಗೆ ಅರಸ ಯೋಷೀಯ ಯೆಹೂದದ ಊರೂರಿನ ಪೂಜಾಸ್ಥಳಗಳನ್ನು ಕೆಡವಿಸಿ ಅಲ್ಲಿನ ಯಾಜಕರನ್ನು ಯೆರೂಸಲೇಮಿಗೆ ಕರೆಸಿದ. ಅವರು ಯೆಹೋವನ ಯಜ್ಞವೇದಿಗೆ ಏರಲಿಲ್ಲ, ಆದರೆ ತಮ್ಮ ಸಹೋದರರ ನಡುವೆ ಹುಳಿಯಿಲ್ಲದ ರೊಟ್ಟಿ ತಿನ್ನುತ್ತಿದ್ದರು, ಅರಸುಗಳ ಎರಡನೇ ಪುಸ್ತಕದ 23ನೇ ಅಧ್ಯಾಯ. ಯೆಹೆಜ್ಕೇಲ 44ರಲ್ಲಿ ವಿಗ್ರಹಗಳ ಹಿಂದೆ ಹೋದ ಲೇವಿಯರಿಗೆ ಬಾಗಿಲು ಕಾಯುವ, ಬಲಿ ಕೊಯ್ಯುವ ಕೆಲಸ ಉಳಿಯುತ್ತದೆ, ಹತ್ತಿರ ಬಂದು ಯಾಜಕ ಸೇವೆ ಮಾಡುವುದು ಮಾತ್ರ ಚಾದೋಕನ ಸಂತತಿಗೆ. ಸಸ್ಪೆಂಡ್ ಆದ ಸರ್ಕಾರಿ ನೌಕರನಿಗೆ ಕುರ್ಚಿ ಇಲ್ಲ, ಫೈಲ್ ಇಲ್ಲ, ಆದರೆ ಜೀವನಾಧಾರ ಭತ್ಯೆ ಬರುತ್ತಲೇ ಇರುತ್ತದಲ್ಲ, ಹೆಚ್ಚೂ ಕಡಿಮೆ ಹಾಗೆ.

ಏಲಿಯ ದೊಡ್ಡ ಕವಲಾದ ಈತಾಮಾರನ ವಂಶಕ್ಕೂ ಇದೇ ಆಯಿತು. ಯಾಜಕರ 24 ತಂಡಗಳಲ್ಲಿ 16 ಎಲ್ಲಾಜಾರನವು, 8 ಈತಾಮಾರನವು. ಬಾಬೆಲಿನ ಸೆರೆಯಿಂದ ಎಜ್ರನ ಜೊತೆ ಹಿಂತಿರುಗಿದವರ ಪಟ್ಟಿಯಲ್ಲಿ ಫೀನೆಹಾಸನ ವಂಶದಿಂದ ಗೇರ್ಷೋಮ, ಈತಾಮಾರನ ವಂಶದಿಂದ ದಾನಿಯೇಲ ಅಂತ ಅಕ್ಕಪಕ್ಕ ಬರೆದಿದೆ. ಶಾಪದ ನಂತರವೂ ಮನೆತನ ಪಟ್ಟಿಯಲ್ಲಿದೆ.

ಹಾಗಾದರೆ ರೊಟ್ಟಿಯೂ ಹೋಗುವುದು ಯಾವಾಗ? ಅದಕ್ಕೂ ಎಜ್ರನ ಪುಸ್ತಕದಲ್ಲೇ ಉತ್ತರ ಇದೆ, 2ನೇ ಅಧ್ಯಾಯದ ಕೊನೆಯ ಹತ್ತಿರ. ಹಬಯ್ಯ, ಹಕ್ಕೋಚ್, ಬರ್ಜಿಲ್ಲೈ ಎಂಬ ಮೂರು ಮನೆತನಗಳವರು ತಾವೂ ಯಾಜಕರು ಅಂದರು. ವಂಶಾವಳಿಯ ದಾಖಲೆ ಹುಡುಕಿದರೆ ಹೆಸರು ಸಿಗಲಿಲ್ಲ. ಅಧಿಪತಿ ಏನಂದ? ಊರೀಮ್ ತುಮ್ಮೀಮ್ (ದೇವರ ತೀರ್ಪು ತಿಳಿಯಲು ಯಾಜಕರು ಬಳಸುತ್ತಿದ್ದ ವಸ್ತುಗಳು) ಇರುವ ಯಾಜಕನೊಬ್ಬ ಬರುವ ತನಕ ಮಹಾಪರಿಶುದ್ಧ ಪದಾರ್ಥಗಳನ್ನು ತಿನ್ನಬೇಡಿ. ಇವರು ಯಾವ ಪಾಪವನ್ನೂ ಮಾಡಿರಲಿಲ್ಲ. ಕಾಗದ ಇರಲಿಲ್ಲ, ಅಷ್ಟೇ. ವಿಗ್ರಹಗಳ ಮುಂದೆ ಧೂಪ ಹಾಕಿದವನಿಗೆ ರೊಟ್ಟಿ ಉಂಟು, ಅಪ್ಪ ಯಾರೆಂದು ತೋರಿಸಲಾಗದ ಸಜ್ಜನನಿಗೆ ಇಲ್ಲ! ಅನ್ಯಾಯ ಅನ್ನಿಸಬಹುದು. ಆದರೆ ಈ ವ್ಯವಸ್ಥೆ ಯೋಚಿಸುವ ರೀತಿಯೇ ಅದು. ಯಾಜಕನ ಮನೆಗೆ ಸೇರುವುದು ಹುಟ್ಟಿನಿಂದ, ಅದು ನಡತೆಯಿಂದ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಯಜ್ಞವೇದಿಯ ಮುಂದೆ ನಿಲ್ಲುವುದು ಮಾತ್ರ ನಡತೆ ಕೇಳುತ್ತದೆ, ಅದು ವ್ಯಕ್ತಿಯಿಂದಲೂ ಹೋಗಬಹುದು, ಇಡೀ ಕವಲಿನಿಂದಲೂ ಹೋಗಬಹುದು. ಶಾಶ್ವತವೋ ಷರತ್ತೋ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಎರಡು ಬೇರೆ ಬೇರೆ ಹಕ್ಕುಗಳನ್ನು ಒಂದೇ ಹೆಸರಿನಿಂದ ಕರೆದು ಜಗಳವಾಡುತ್ತಿದ್ದೇವೆ.

ಇದಕ್ಕೆ ಒಗ್ಗದ ವಚನವೇ ಇಲ್ಲ ಅಂತ ಹೇಳುತ್ತಿಲ್ಲ. ಹೋಶೇಯ 4ರಲ್ಲಿ, ನೀನು ಜ್ಞಾನವನ್ನು ತಳ್ಳಿಬಿಟ್ಟೆ, ನಾನೂ ನಿನ್ನನ್ನು ಯಾಜಕತ್ವದಿಂದ ತಳ್ಳಿಬಿಡುತ್ತೇನೆ, ನಿನ್ನ ಮಕ್ಕಳನ್ನು ಮರೆತುಬಿಡುತ್ತೇನೆ ಅಂತ ಇದೆ. ಮಕ್ಕಳವರೆಗೂ ಹೋಗುವ ಈ ಮಾತನ್ನು ಮೆದು ಮಾಡುವುದು ಕಷ್ಟ. ಮಲಾಕಿಯ 2ನೇ ಅಧ್ಯಾಯದ ಬೈಗುಳ ಇನ್ನೂ ಖಾರ. ಕುಂಟು, ಕುರುಡು ಪಶುಗಳನ್ನು ಬಲಿಗೆ ಒಪ್ಪಿಕೊಂಡ ಯಾಜಕರಿಗೆ, ನಿಮ್ಮ ಮುಖಕ್ಕೆ ಹಬ್ಬದ ಪಶುಗಳ ಸಗಣಿ ಬಳಿಯುತ್ತೇನೆ ಅನ್ನುತ್ತಾನೆ ದೇವರು. ಲೇವಿಯ ಒಡಂಬಡಿಕೆಯನ್ನು ನೀವು ಕೆಡಿಸಿದ್ದೀರಿ ಅಂತ ನೇರ ಆರೋಪ. ಆದರೆ ಅದೇ ಅಧ್ಯಾಯದ 4ನೇ ವಚನ ನೋಡಿದರೆ, ಈ ಎಚ್ಚರಿಕೆ ಕೊಟ್ಟದ್ದೇ ಲೇವಿಯೊಂದಿಗಿನ ನನ್ನ ಒಡಂಬಡಿಕೆ ಉಳಿಯಲಿ ಅಂತ. 3ನೇ ಅಧ್ಯಾಯದಲ್ಲಿ ಲೇವಿಯ ಮಕ್ಕಳನ್ನು ಬಿಸಾಡುವುದಿಲ್ಲ, ಚಿನ್ನ ಬೆಳ್ಳಿಯ ಹಾಗೆ ಪುಟ ಹಾಕುತ್ತಾನೆ.

ಬೈಬಲ್ ಕಾಲ ಮುಗಿಯುತ್ತಾ ಬಂದ ಹಾಗೆ ಫೀನೆಹಾಸನ ಹೆಸರು ರಾಜಕೀಯದ ಸರಕಾಯಿತು. ಕ್ರಿ.ಪೂ. 180ರ ಆಸುಪಾಸಿನಲ್ಲಿ ತನ್ನ ಜ್ಞಾನಪುಸ್ತಕ ಬರೆದ ಸಿರಾಖ ಎಂಬ ಯೆಹೂದಿ ಪಂಡಿತ, ಮಹಾಯಾಜಕ ಸೀಮೋನನ ಮನೆಯಲ್ಲಿ ಫೀನೆಹಾಸನ ಒಡಂಬಡಿಕೆ ಆಕಾಶ ಇರುವ ತನಕ ನಿಲ್ಲಲಿ ಅಂತ ಹರಸಿದ. ಅವನ ಮೊಮ್ಮಗ ಕ್ರಿ.ಪೂ. 132ರ ನಂತರ ಈಜಿಪ್ಟಿನಲ್ಲಿ ಅದನ್ನು ಗ್ರೀಕಿಗೆ ತಂದಾಗ ಆ ಹರಕೆ ಸದ್ದಿಲ್ಲದೆ ಮಾಯವಾಗಿದೆ. ಯಾಕೆಂದರೆ ಅಷ್ಟರಲ್ಲಿ ಆ ಮನೆತನ ಪದವಿಯಲ್ಲೇ ಇರಲಿಲ್ಲ. ಕ್ರಿ.ಪೂ. 175ರಲ್ಲಿ ಆ ಮನೆಯ ಯಾಸೋನ ಎಂಬವನು ಆಗ ಆಳುತ್ತಿದ್ದ ಗ್ರೀಕ್ ದೊರೆಗೆ ಹಣ ಕೊಟ್ಟು ಸ್ವಂತ ಅಣ್ಣ ಓನೀಯನ ಪದವಿ ಕಸಿದುಕೊಂಡ, ಮೂರೇ ವರ್ಷಕ್ಕೆ ಮೆನೆಲಾವ ಇನ್ನೂ ಜಾಸ್ತಿ ಹಣ ಕೊಟ್ಟು ಅವನನ್ನು ಓಡಿಸಿದ. ಆಮೇಲೆ ಆ ದೊರೆಗಳ ವಿರುದ್ಧ ದಂಗೆಯೆದ್ದ ಮಕ್ಕಬಿಯರು ಬಂದರು. ಅವರೂ ಯಾಜಕರೇ, ಆದರೆ ಮಹಾಯಾಜಕರ ಮನೆಯವರಲ್ಲ. ಅವರ ಕಥೆ ಬರೆದವನು ತಂದೆ ಮತ್ತಥೀಯನ ಬಾಯಲ್ಲಿ 'ನಮ್ಮ ಪಿತೃ ಫೀನೆಹಾಸ' ಅನ್ನಿಸುತ್ತಾನೆ: ಅವನ ಹಾಗೆ ಆಸಕ್ತಿ ತೋರಿಸಿದವರು ನಾವು, ಆದ್ದರಿಂದ ಅವನ ಪಾಲು ನಮ್ಮದು. ಕ್ರಿ.ಪೂ. 140ರಲ್ಲಿ ಜನ ಸೇರಿ ಮತ್ತಥೀಯನ ಮಗ ಸೀಮೋನನನ್ನು ಒಪ್ಪಿಕೊಂಡ ನಿರ್ಣಯದ ಮಾತು ಸೊಗಸಾಗಿದೆ. ಅವನು ಸದಾಕಾಲ ಮಹಾಯಾಜಕ, ನಂಬಿಕೆಗೆ ಯೋಗ್ಯನಾದ ಪ್ರವಾದಿ ಏಳುವ ತನಕ. ಸದಾಕಾಲ, ಆದರೆ ಅಲ್ಲಿಯ ತನಕ! ವಕೀಲರು ಬರೆದ ಹಾಗಿದೆ. ಅರಸ ಹೆರೋದನ ಕಾಲಕ್ಕೆ ಬರುವಾಗ ನೇಮಿಸುವುದು, ಕಿತ್ತುಹಾಕುವುದು ಎಲ್ಲ ಆಳುವವರ ಮರ್ಜಿ. ಅಲ್ಲಿಂದ ಕ್ರಿ.ಶ. 70ರಲ್ಲಿ ದೇವಾಲಯ ಸುಟ್ಟುಹೋಗುವ ತನಕ 28 ಮಹಾಯಾಜಕರು ಬಂದುಹೋದರು ಅಂತ ಇತಿಹಾಸಕಾರ ಯೋಸೇಫಸ್ ಲೆಕ್ಕ ಕೊಟ್ಟಿದ್ದಾನೆ.

ಕ್ರೈಸ್ತರು ಈ ಪ್ರಶ್ನೆಯನ್ನು ಬೇರೆ ದಾರಿಯಿಂದ ದಾಟಿದರು. ಇಬ್ರಿಯರಿಗೆ ಬರೆದ ಪತ್ರಿಕೆಯ 7ನೇ ಅಧ್ಯಾಯ ಆರೋನನ ಮನೆಯನ್ನೇ ಬದಿಗಿಟ್ಟು ಕೀರ್ತನೆ 110ನ್ನು ಹಿಡಿಯುತ್ತದೆ: ಮೆಲ್ಕಿಜೆದೇಕನ (ಅಬ್ರಹಾಮನ ಕಾಲದ ಅರಸನೂ ಯಾಜಕನೂ ಆಗಿದ್ದವನು) ತರಹದ ಯಾಜಕ, ದೇವರು ಆಣೆ ಇಟ್ಟು ನೇಮಿಸಿದವನು. ಯೇಸು ಯೆಹೂದ ಕುಲದವನು, ವಂಶದ ಲೆಕ್ಕದಲ್ಲಿ ಯಾಜಕನಾಗುವ ಹಾಗೇ ಇಲ್ಲ, ಯಾಜಕತ್ವ ಬದಲಾದರೆ ನಿಯಮವೂ ಬದಲಾಗಲೇಬೇಕು ಅಂತ ಆ ಬರಹಗಾರ ಅಳುಕದೆ ಹೇಳುತ್ತಾನೆ. ಸಾವಿಲ್ಲದವನಿಗೆ ವಂಶವೂ ಬೇಡ, ಉತ್ತರಾಧಿಕಾರಿಯೂ ಬೇಡ.

ಆದರೆ ಸಭೆಗೆ ಪಾದ್ರಿಗಳು ಬೇಕಲ್ಲ, ಅವರು ಸಾಯುವವರೂ ಹೌದು, ತಪ್ಪು ಮಾಡುವವರೂ ಹೌದು. ಹಾಗಾಗಿ ಪ್ರಶ್ನೆ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂತು. 303ರಲ್ಲಿ ಶುರುವಾದ ರೋಮ್ ಚಕ್ರವರ್ತಿಯ ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ಒಪ್ಪಿಸಿಬಿಟ್ಟ ಬಿಷಪರು ಕೊಟ್ಟ ದೀಕ್ಷೆ ಚಲಾವಣೆಯೇ? ಉತ್ತರ ಆಫ್ರಿಕಾದ ದೊನಾತಿಸ್ಟರು ಇಲ್ಲ ಅಂದರು. ನೂರು ವರ್ಷ ಸಭೆ ಎರಡಾಗಿ ಒಡೆದುಕೊಂಡಿತ್ತು. 411ರಲ್ಲಿ ಕಾರ್ಥೇಜಿನ ಸಮಾಲೋಚನೆಯಲ್ಲಿ, ಅವರನ್ನು ವಿರೋಧಿಸಿದ ಬಿಷಪ್ ಅಗಸ್ಟೀನರ ಕಡೆಗೆ ತೀರ್ಪಾಯಿತು. ಸಂಸ್ಕಾರ ಕ್ರಿಸ್ತನದ್ದು, ಕೊಡುವ ಕೈ ಕೊಳಕಾದರೂ ಅದು ಕೆಡುವುದಿಲ್ಲ ಅನ್ನುವುದು ಅಗಸ್ಟೀನರ ವಾದ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲೂ ಅದೇ ಇದೆ, ರೋಮಿನಲ್ಲೂ ಮಂಗಳೂರಿನಲ್ಲೂ ನಡೆಯುವುದು ಅದೇ. ಒಮ್ಮೆ ಸರಿಯಾಗಿ ಪಡೆದ ಗುರುದೀಕ್ಷೆ ಎಂದೂ ರದ್ದಾಗದು. ಗುರುವನ್ನು ಸೇವೆಯಿಂದ ತೆಗೆಯಬಹುದು, ಪೂಜೆ ಮಾಡದಂತೆ ತಡೆಯಬಹುದು. ಆದರೂ ಸಾಯುವ ಅಪಾಯದಲ್ಲಿರುವವನೊಬ್ಬ ಕೇಳಿದರೆ ಅಂಥ ಗುರು ಪಾಪನಿವೇದನೆ ಕೇಳಿ ಕ್ಷಮೆ ಕೊಟ್ಟರೆ ಅದು ಊರ್ಜಿತ. ಇದರ ಎದುರು ತುದಿಯಲ್ಲಿ ಮಾರ್ಮನ್ನರು ನಿಲ್ಲುತ್ತಾರೆ. 1839ರಲ್ಲಿ ಆ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಜೈಲಿನಿಂದ ಬರೆದ, ಆಮೇಲೆ ಅವರ ಧರ್ಮಗ್ರಂಥದಲ್ಲಿ ಸೇರಿದ ಮಾತಿನ ಪ್ರಕಾರ, ಯಾಜಕತ್ವದ ಬಲ ನೀತಿಯ ಮೇಲೆ ಮಾತ್ರ ನಡೆಯುತ್ತದೆ, ಅಹಂಕಾರಕ್ಕೋ ದಬ್ಬಾಳಿಕೆಗೋ ಬಳಸಿದ ಕೂಡಲೇ ಆ ಮನುಷ್ಯನ ಅಧಿಕಾರಕ್ಕೆ ಆಮೆನ್, ಅಂದರೆ ಮುಗಿಯಿತು.

ಯೆಹೂದಿಗಳಲ್ಲಿ ಆರೋನನ ವಂಶದವರು ಇವತ್ತೂ ಇದ್ದಾರೆ, ಕೊಹೆನ್‌ಗಳು ಅಂತ. ದೇವಾಲಯ ಇಲ್ಲ, ಬಲಿ ಇಲ್ಲ. ಆದರೂ ಸಭಾಮಂದಿರದಲ್ಲಿ ತೋರಾ (ಮೋಶೆಯ ಐದು ಪುಸ್ತಕಗಳು) ಓದುವಾಗ ಮೊದಲ ಕರೆ ಇವರಿಗೆ, ಚೊಚ್ಚಲ ಗಂಡುಮಗುವನ್ನು ಐದು ಶೆಕೆಲ್ ಕೊಟ್ಟು ಬಿಡಿಸಿಕೊಳ್ಳುವುದು ಇವರ ಕೈಯಿಂದ, ಜನರ ಮೇಲೆ ಕೈಯೆತ್ತಿ ಆಶೀರ್ವದಿಸುವುದು ಇವರೇ. ಸಂಪ್ರದಾಯಸ್ಥ ಕೊಹೆನ್ ಸ್ಮಶಾನಕ್ಕೆ ಕಾಲಿಡುವುದಿಲ್ಲ, ವಿಚ್ಛೇದನ ಆದವಳನ್ನು ಮದುವೆಯಾಗುವ ಹಾಗಿಲ್ಲ. ಒಬ್ಬ ಕೊಹೆನ್ ಓದಿದವನಲ್ಲ, ಅವನ ಬಗ್ಗೆ ಜನ ಒಳ್ಳೆಯ ಮಾತಾಡುವುದಿಲ್ಲ, ವ್ಯವಹಾರದಲ್ಲೂ ಶುದ್ಧ ಇಲ್ಲ ಅಂತಿಟ್ಟುಕೊಳ್ಳಿ. ಅವನು ಆಶೀರ್ವದಿಸಬಹುದೇ? 12ನೇ ಶತಮಾನದ ಯೆಹೂದಿ ಧರ್ಮಶಾಸ್ತ್ರಜ್ಞ ಮೈಮೋನಿಡಿಸರು ಹೇಳುವುದು, ಆಶೀರ್ವದಿಸಲೇಬೇಕು, ತಡೆಯಬೇಡಿ. ಇವನ ಆಶೀರ್ವಾದದಿಂದ ಏನು ಪ್ರಯೋಜನ ಅಂತ ಕೇಳಲೂಬೇಡಿ, ಆಶೀರ್ವದಿಸುವುದು ದೇವರು, ಇವನು ತನಗೆ ಹೇಳಿದ ಕೆಲಸ ಮಾಡುತ್ತಾನೆ ಅಷ್ಟೇ. ಆದರೆ ಅವರೇ ಕೆಲವು ಗೆರೆಗಳನ್ನೂ ಎಳೆದಿದ್ದಾರೆ. ಮನುಷ್ಯನನ್ನು ಕೊಂದ ಕೊಹೆನ್ ಕೈಯೆತ್ತುವ ಹಾಗಿಲ್ಲ. ವಿಚ್ಛೇದಿತೆಯನ್ನು ಮದುವೆಯಾದವನು ಅವಳಿಂದ ದೂರವಾಗುವ ತನಕ ನಿಲ್ಲಬೇಕು, ಆಮೇಲೆ ಮತ್ತೆ ಬರಬಹುದು. ಆ ಮದುವೆಯಲ್ಲಿ ಹುಟ್ಟಿದ ಮಗ ಎಷ್ಟೇ ಸಾಧುವಾದರೂ ಕೊಹೆನ್ ಅಲ್ಲ. ಅವನಿಗೆ ಸ್ಮಶಾನದ ತಡೆಯೂ ಇಲ್ಲ, ಮೊದಲ ಕರೆಯೂ ಇಲ್ಲ.